ಮೂರನೆಯ ಕಾಲಂ

ಸಸೂನ್ ಡಾಕಿನ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವನು ನಾನು.
ಚೋರ್ ಬಜಾರಿನ ರದ್ದಿಯವನು ತೂಕಕ್ಕೆ ಕೊಟ್ಟ ಪುಸ್ತಕ ಇದು:
ಗೆದ್ದಲು ತಿಂದುಳಿದ ಮೂವತ್ತೆರಡು ಹಾಳೆ,
ಚರ್ಮದ ರಟ್ಟಿನ ಮೇಲೆ ಅಮೆರಿಕದವನೊಬ್ಬನ ಹೆಸರು,
ಅಬಿಯೆಲ್ ಥಾರ್ನ್‌ಡೈಕ್.
ಒಳಗೆ ಇಂಗ್ಲಿಷಿನಲ್ಲಿ ಬಂದದ್ದು, ಮಾರಿದ್ದು.
ಅಂಚಿಗೆ, ನಮ್ಮದೇ ದುಂಡಕ್ಷರದಲ್ಲಿ,
ಕರಗಿದ್ದು.

ಇದೇನು ಎಂದು ಕೇಳಿರಬೇಕು ಅವನು.
ದೇವರ ಪಾಲು, ಸಾಹೇಬರೆ,
ಎಂದಿರಬೇಕು ಗುಮಾಸ್ತ ಸುಬ್ರಾಯ ನಾಡಕರ್ಣಿ.

ಅವನೂರಲ್ಲಿ ಚಳಿಗೆ ಕೆರೆ ಕಲ್ಲಾಗುತ್ತದೆ.
ಯಾರದ್ದೂ ಅಲ್ಲದ ಕೆರೆ.
ಕುದುರೆ ಹೂಡಿ ಗೆರೆ ಕೊರೆದು, ಗರಗಸದಲ್ಲಿ ಕೊಯ್ದು,
ನೀರನ್ನು ಬೆಳೆಯ ಹಾಗೆ ಕಟಾವು ಮಾಡಿ
ಮರದ ಹೊಟ್ಟಿನಲ್ಲಿ ಮಲಗಿಸಿ
ನಾಲ್ಕು ತಿಂಗಳು, ಎರಡು ಸಲ ಭೂಮಧ್ಯರೇಖೆ ದಾಟಿಸಿ
ಅಪೊಲೊ ಬಂದರಿಗೆ ತಂದಿಳಿಸಿದ.
ನೂರು ಹೊರಟರೆ ಅರವತ್ತು ಸೇರೀತು.
ಹೋದ ನಲವತ್ತರ ಬೆಲೆ ಇದ್ದ ಅರವತ್ತರ ತಲೆಗೆ.
ವ್ಯಾಪಾರ ಅಂದರೆ ಇಷ್ಟೇ.

ಕೊಂಡವರು: ಪಾರ್ಸಿ ಶೇಟರ ಮದುವೆಮನೆ,
ಕೋಟೆಯ ಕ್ಲಬ್ಬು, ಆಸ್ಪತ್ರೆಯಲ್ಲಿ ಜ್ವರ ಹಿಡಿದ ಗೋರನ ಹಣೆ.
ವೈಶಾಖದ ಒಂದು ಸಾಲಿನಲ್ಲಿ ಮಾತ್ರ ಮಸಿ ಕದಡಿದೆ:
ಎರಡು ಪೌಂಡು, ಕರಗಿದ್ದು.
(ಇಲ್ಲಿಂದ ಮುಂದೆ ನನ್ನ ಊಹೆ. ಹಾಳೆ ಇಷ್ಟೇ ಹೇಳುವುದು.)
ಠಾಕುರದ್ವಾರದ ಖೋಲಿಯಲ್ಲಿ ಅವನ ಹೆಂಡತಿಗೂ ಜ್ವರ.
ತುಂಡನ್ನು ಉತ್ತರೀಯದಲ್ಲಿ ಸುತ್ತಿ, ಕೋಟೆಬಾಗಿಲಿಂದ
ಓಡಿದ್ದಾನೆ ನಾಡಕರ್ಣಿ, ಮಧ್ಯಾಹ್ನದ ಬಿಸಿಲಲ್ಲಿ.
ಹೊಸಿಲು ಮುಟ್ಟುವಾಗ ಬಟ್ಟೆ ಒದ್ದೆ, ಕೈ ಬರಿದು.
ಒದ್ದೆ ಬಟ್ಟೆಯನ್ನೇ ಹಣೆಗೆ ಹಾಕಿದ್ದಾನೆ.

ಆಮೇಲೆ ಅಬಿಯೆಲನ ದೇಶ ತನ್ನನ್ನು ತಾನೇ ಇರಿದುಕೊಂಡಿತು.
ಅಲ್ಲಿ ಹತ್ತಿ ನಿಂತಿತು, ಇಲ್ಲಿ ಹತ್ತಿ ಬಂಗಾರ.
ಐಸು ಇಳಿದ ಹಡಗಿನ ಹಸಿ ಹೊಟ್ಟೆಗೆ
ನಮ್ಮ ಧಾರವಾಡದ ಹತ್ತಿ ತುಂಬಿದ.
ಪಾನವಾಲನೂ ಶೇರು ಕೊಂಡ ಕಾಲ. ನಾಡಕರ್ಣಿಯೂ ಕೊಂಡ.
ಎಲ್ಲ ಮುಳುಗುವ ಹನ್ನೊಂದು ದಿನ ಮೊದಲು
ಸಾಹೇಬ ಮಾರಿ ಹಡಗು ಹತ್ತಿದ.
ಗುಮಾಸ್ತನ ಎಂಟು ನೂರು ರೂಪಾಯಿ
ಕೊನೆಯ ಪುಟದಲ್ಲಿದೆ, ಅದೇ ಕಾಲಮ್ಮಿನಲ್ಲಿ.

ರಟ್ಟಿನ ಒಳಗೆ ಎರಡು ಕಾಗದ.
ಒಂದು: ನಾಡಕರ್ಣಿ, ಚುನಾವಣೆಗೆ ನಿಂತಿದ್ದೇನೆ.
ಊರ ಕೆರೆ ಊರಿಗೇ, ಯಾರೂ ಬೇಲಿ ಹಾಕಕೂಡದು,
ಎಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಾತು ಕೊಟ್ಟೆ.
ಮುದುಕಿಯರು ಅತ್ತರು.

ಆರು ವರ್ಷದ ಮೇಲೆ ಇನ್ನೊಂದು:
ಗೆದ್ದೆ. ಎರಡು ಸಲ.
ಕೆರೆ ಈಗ ಒಂದು ಕಂಪನಿಯದು, ಕಂಪನಿ ನನ್ನ ಅಳಿಯನದು.
ನೂರು ಹೊರಡುತ್ತದೆ, ದಾರಿ ಉದ್ದ, ನೀನು ಬಲ್ಲೆ.
ನಿನ್ನ ಆ ಮೂರನೆಯ ಕಾಲಮ್ಮಿಗೆ ಏನೋ ಒಂದು ಹೆಸರಿತ್ತಲ್ಲ,
ಬರೆದು ತಿಳಿಸು. ಸಭೆಯಲ್ಲಿ ಬೇಕಾಗಿದೆ.

ಉತ್ತರ ಹೋಯಿತೋ ಇಲ್ಲವೋ.
ಕಾಗದದ ಬೆನ್ನಿಗೆ ಒಂದು ಕ ಇದೆ,
ಅದನ್ನು ಹೊಡೆದುಹಾಕಿದ ಗೆರೆ ಇದೆ.

ಬೆಳಗಿನ ಜಾವ ನಾಲ್ಕು. ಬೊಂಬಿಲಿನ ದೋಣಿ ಬಂದಿವೆ.
ಕೋಳಿ ಹೆಂಗಸರು ಬುಟ್ಟಿ ಬಡಿದು ಬೈಯುತ್ತಿದ್ದಾರೆ.
ನಮ್ಮ ಮಾಲೀಕ ಈ ಸಲ ಕಾರ್ಪೊರೇಶನ್ನಿಗೆ ನಿಂತಿದ್ದಾನೆ,
ಅವನ ಕೈಮುಗಿದ ಫೋಟೋ ಪ್ರತಿ ಐಸು ಗಾಡಿಯ ಮೇಲೆ.
ಫೋನಿನಲ್ಲಿ ಕೂಗುತ್ತಾನೆ: ಎಷ್ಟು ಲಾದಿ ಬಂತು, ಎಷ್ಟು ಹೋಯ್ತು?
ಕಂಪ್ಯೂಟರಿನಲ್ಲಿ ಎರಡೇ ಕಾಲಂ.
ಹೇಳುತ್ತೇನೆ,
ಚಪ್ಪಲಿ ಪಕ್ಕಕ್ಕಿಟ್ಟು, ಹಿಮ್ಮಡಿ ಮುಳುಗುವಷ್ಟು
ತಣ್ಣನೆ ನೀರಲ್ಲಿ ನಿಂತು.